ಕೊನೆಯ ಪಾವಟಿಗೆ

ನಮ್ಮ ಹೊಲದ ಬಾವಿಯಲ್ಲಿ 11 ಪಾವಟಿಗೆಗಳಿವೆ. ಬಾವಿ ಕಟ್ಟುವಾಗಲೇ ಒಂದೊಂದು ಉದ್ದ ಕಲ್ಲನ್ನು ಅರ್ಧ ಗೋಡೆಯೊಳಗೆ, ಅರ್ಧ ಹೊರಗೆ ಚಾಚಿ ಬಿಟ್ಟಿದ್ದಾರೆ. ಅವು ಗೋಡೆಗುಂಟ ಓರೆಯಾಗಿ ಇಳಿಯುತ್ತವೆ. ಹಳೆ ಬಾವಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ಹೊತ್ತಿಗೆ ನೀರು ಆರನೇ ಕಲ್ಲಿನವರೆಗೆ ಇರುತ್ತದೆ. ಯುಗಾದಿ ದಾಟಿತೆಂದರೆ ಹನ್ನೊಂದನೇ ಕಲ್ಲೂ ನೀರು ಬಿಟ್ಟು ಮೇಲೆ ನಿಲ್ಲುತ್ತದೆ.

ನನಗೆ ಆಗ ಹತ್ತು ವರ್ಷ. ಬೇಸಿಗೆ ರಜೆ. ಅಫಜಲಪುರ ಕಡೆಯ ಬಿಸಿಲು ಹೇಗಿರುತ್ತದೆ ಅಂತ ಗೊತ್ತಲ್ವಾ, ಮಧ್ಯಾಹ್ನ ಒಬ್ಬನೇ ಹೋಗಿ ದಂಡೆಯಿಂದ ಜಿಗಿದೆ. ಈಜಿ ಸಾಕಾದ ಮೇಲೆ ಹತ್ತಲು ನೋಡಿದರೆ ಕೊನೆಯ ಕಲ್ಲು ನನ್ನ ತಲೆಯ ಮೇಲಿದೆ. ಕೈ ಚಾಚಿದರೆ ಬೆರಳ ತುದಿ ಮಾತ್ರ ಸಿಗುತ್ತದೆ. ಕಾಲಿಗೆ ಗೋಡೆಯ ಪಾಚಿ. ಒತ್ತಿದಷ್ಟೂ ಜಾರುತ್ತದೆ. ಎಷ್ಟು ಹೊತ್ತು ಹಾಗೆ ಜೋತು ಬಿದ್ದಿದ್ದೆನೋ. ಮುತ್ಯಾ ಎತ್ತಿಗೆ ನೀರು ಕುಡಿಸಲು ಬಂದವರು ನೋಡಿ ಹಗ್ಗ ಬಿಟ್ಟರು. ಬೈಯಲಿಲ್ಲ. "ಕೊನೀ ಕಲ್ಲು ಎಲ್ಲಿ ಅದಾ ನೋಡ್ದಿಲ್ಲೇನು ನೀ?" ಅಂತ ಕೇಳಿದರು, ಅಷ್ಟೇ.

36 ವರ್ಷ ಬಿಟ್ಟು ಅದೇ ಪ್ರಶ್ನೆ ಮತ್ತೆ ಎದುರಾಯಿತು. ಈ ಸಲ ಸಮುದ್ರದಲ್ಲಿ.

ನಾನು ಬ್ಯಾಂಕ್ ಕೆಲಸದಲ್ಲಿ ಗೋವಾದ ವಾಸ್ಕೊದಲ್ಲಿ 11 ವರ್ಷ ಇದ್ದೆ. ಅಲ್ಲಿ ಒಬ್ಬ ಗೆಳೆಯನ ಕೈಯಲ್ಲಿ ಹಾಯಿ ಏರಿಸುವುದು, ಗಾಳಿ ನೋಡುವುದು ಕಲಿತೆ. ಇಬ್ಬರೂ ಸೇರಿ 17 ಅಡಿಯ ಒಂದು ಹಳೆಯ ಫೈಬರ್ ಹಾಯಿದೋಣಿ ಕೊಂಡೆವು. ನನಗೆ ಕಲಬುರಗಿಗೆ ವರ್ಗವಾದ ಮೇಲೂ ದೋಣಿ ಅಲ್ಲೇ ಉಳಿಯಿತು. ವರ್ಷಕ್ಕೆ ಮೂರು ನಾಲ್ಕು ಸಲ ರಜೆ ಹಾಕಿ ಹೋಗುತ್ತೇವೆ.

ಕಳೆದ ಫೆಬ್ರವರಿಯಲ್ಲಿ ಹೋದಾಗ ನಾನು, ನನ್ನ ಹೆಂಡತಿ ಇಬ್ಬರೇ ಇದ್ದೆವು. ದೋನಾ ಪಾವ್ಲಾ ಹತ್ತಿರ ಲಂಗರು ಹಾಕಿದ್ದೆವು. ನೀರು ತಟ್ಟೆಯ ಹಾಗೆ ಸಮ ಇತ್ತು. ನಾನು ಜಿಗಿದೆ. ಹತ್ತು ನಿಮಿಷ ಈಜಿದೆ. ವಾಪಸ್ ಬಂದು ದೋಣಿಯ ಅಂಚಿಗೆ ಎರಡೂ ಕೈ ಹಾಕಿ ಮೈ ಎತ್ತಿದೆ. ಏಳಲಿಲ್ಲ.

ನೀರಿನಿಂದ ಅಂಚಿಗೆ ಇದ್ದದ್ದು ಎರಡಡಿಗಿಂತ ಕಡಿಮೆ. ನೆಲದ ಮೇಲೆ ಎರಡಡಿ ಅಂದರೆ ಒಂದು ಕುರ್ಚಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ನೀರಿನಲ್ಲಿ ಕಾಲ ಕೆಳಗೆ ಏನೂ ಇಲ್ಲ. ಮೈ ಪೂರ್ತಿ ತೋಳಿನ ಬಲದಿಂದಲೇ ಮೇಲೆ ಬರಬೇಕು. ಎತ್ತಲು ಹೋದರೆ ಕಾಲುಗಳು ದೋಣಿಯ ಹೊಟ್ಟೆಯ ಅಡಿಗೆ ತೇಲಿಕೊಂಡು ಹೋಗುತ್ತವೆ. ದೋಣಿಯ ಜೊತೆ ಬಂದಿದ್ದ ಹಗ್ಗದ ಏಣಿಯನ್ನು ಅವಳು ಇಳಿಬಿಟ್ಟಳು. ಅದರ ಮೇಲೆ ಕಾಲಿಟ್ಟ ಕೂಡಲೇ ಏಣಿಯೂ ಕಾಲಿನ ಜೊತೆ ದೋಣಿಯ ಅಡಿಗೆ ಹೋಯಿತು. ನಾನು ಅಂಗಾತ ಮಲಗಿದ ಹಾಗೆ ಜೋತಾಡಿದೆ. ನಾಲ್ಕು ಸಲ ನೋಡಿದೆ. ಪ್ರತಿ ಸಲಕ್ಕೂ ತೋಳಿನ ಕಸುವು ಇಳಿಯುತ್ತಿತ್ತು. ಅವಳು ಬಗ್ಗಿ ನನ್ನ ರಟ್ಟೆ ಹಿಡಿದು ಎಳೆಯಲು ಬಂದಳು. ದೋಣಿ ನನ್ನ ಕಡೆಗೇ ವಾಲಿತು. ಇನ್ನೊಂದು ಗೇಣು ವಾಲಿದ್ದರೆ ಅವಳೂ ನೀರಿಗೆ ಬೀಳುತ್ತಿದ್ದಳು. ಅವಳಿಗೆ ಈಜು ಬರುವುದಿಲ್ಲ.

ಆಮೇಲೆ ದಾರಿ ಹುಡುಕಿದ್ದು ಅವಳೇ. ಹಾಯಿ ಎಳೆಯುವ ಹಗ್ಗದ ತುದಿಗೆ ದೊಡ್ಡ ಕುಣಿಕೆ ಹಾಕಿದಳು. ಇನ್ನೊಂದು ತುದಿಯನ್ನು ಗೂಟಕ್ಕೆ ಸುತ್ತಿ ಗಂಟು ಬಿಗಿದಳು. ಕುಣಿಕೆ ನೀರೊಳಗೆ ಬಿಟ್ಟು, "ಇದ್ರಾಗ ಕಾಲ್ ಇಡ್ರಿ" ಅಂದಳು. ಮೊಣಕಾಲು ಎದೆಗೆ ತಂದು, ಪಾದ ತೂರಿಸಿ, ಎದ್ದು ನಿಂತೆ. ಹೊಟ್ಟೆ ಅಂಚಿನ ಮೇಲೆ ಬಂತು. ಒಳಗೆ ಉರುಳಿ ಬಿದ್ದೆ.

ದಡಕ್ಕೆ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ. ದಡದಲ್ಲಿ ಕೂತ ಮೇಲೆ ಅವಳು ಕೇಳಿದಳು. "ನೀವು ಬಿದ್ರಿ, ನಾ ಹಗ್ಗ ಕೊಟ್ಟೆ. ನಾ ಬಿದ್ರ ಹ್ಯಾಂಗ್ರಿ? ನೀವಿಲ್ದಾಗ?"

ಈ ಬರಹ ಅವಳ ಆ ಪ್ರಶ್ನೆಗೆ ಉತ್ತರ ಹುಡುಕಿದ ಏಳೆಂಟು ತಿಂಗಳ ಕತೆ.

ಮಳೆಗಾಲದಲ್ಲಿ ಗೋವಾದ ಸಮುದ್ರ ಸಣ್ಣ ದೋಣಿಗೆ ಸರಿಯಲ್ಲ. ಜೂನಿನಲ್ಲಿ ದೋಣಿಯನ್ನು ಟ್ರೇಲರ್ ಮೇಲೆ ಹೇರಿ, ಬೊಲೆರೊ ಹಿಂದೆ ಕಟ್ಟಿ, ಬೆಳಗಾವಿ, ವಿಜಯಪುರ ದಾಟಿ ಮನೆಗೇ ತಂದೆವು. ನಮ್ಮ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಬೇವಿನ ಮರದ ಕೆಳಗೆ ಅದು ಸರಿಯಾಗಿ ಕೂತಿತು. ಓಣಿಯ ಹುಡುಗರಿಗೆ ಹಬ್ಬ. ಕಲಬುರಗಿಯ ಅಪ್ಪನ ಕೆರೆಗೆ ಯಾವಾಗ ಬಿಡುತ್ತೀರಿ ಅಂತ ದಿನಾ ಕೇಳುತ್ತಿದ್ದರು.

ಏಣಿಗಳಲ್ಲಿ ಸುಮಾರು ಬಗೆ ಇವೆ. ಹಗ್ಗದ ಏಣಿಯ ಪಾಡು ಆಗಲೇ ಹೇಳಿದೆ. ದೋಣಿಯ ಪಕ್ಕಕ್ಕೆ ಕೊಕ್ಕೆ ಹಾಕಿ ನೇತು ಬಿಡುವ ಏಣಿ ಬರುತ್ತದೆ. ಅದನ್ನು ಬಳಸಿ ಎತ್ತಿಡಬಹುದು. ಆದರೆ ಅದು ದೋಣಿಯ ಒಳಗೆ ಇದ್ದು ಮನುಷ್ಯ ಹೊರಗೆ ಬಿದ್ದರೆ ಏನು ಉಪಯೋಗ? ಸಣ್ಣ ದೋಣಿ ಪಕ್ಕದಿಂದ ಹತ್ತಿದರೆ ವಾಲುವುದೂ ಜಾಸ್ತಿ. ಹಿಂದಿನಿಂದ ಹತ್ತಿದರೆ ಮೂತಿ ಸ್ವಲ್ಪ ಮೇಲೇಳುತ್ತದೆ, ಅಷ್ಟೇ. ಹಾಗಾಗಿ ಏಣಿ ಹಿಂಗೋಡೆಗೇ ಇರಬೇಕು, ಯಾವಾಗಲೂ ಅಲ್ಲೇ ಇರಬೇಕು ಅಂತ ತೀರ್ಮಾನ ಮಾಡಿದೆವು.

ಮೊದಲು ಆನ್‌ಲೈನಿನಲ್ಲಿ ಒಂದು ರೆಡಿಮೇಡ್ ಏಣಿ ತರಿಸಿದೆ. ಒಂದರೊಳಗೊಂದು ಕೊಳವೆ ಜಾರಿ ಚಿಕ್ಕದಾಗುವ ಬಗೆ. ಪೆಟ್ಟಿಗೆಯಿಂದ ತೆಗೆದಾಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಾಲ್ಕು ಸಲ ಎಳೆದು ಮುಚ್ಚುವಷ್ಟರಲ್ಲಿ ಹೆಂಡತಿಯ ಕಿರುಬೆರಳು ಎರಡು ಕೊಳವೆಗಳ ಸಂದಿನಲ್ಲಿ ಸಿಕ್ಕಿತು. ಅಂಗಳದ ಮರಳು ಒಳಗೆ ಹೋಗಿ ಒಂದು ತುಂಡು ಜಾಮ್ ಆಯಿತು. ಮೆಟ್ಟಿಲುಗಳು ಗುಂಡು ಕೊಳವೆ. ಬರಿಗಾಲಲ್ಲಿ ನಿಂತರೆ ಅಂಗಾಲು ಉರಿಯುತ್ತದೆ. ಇವೆಲ್ಲ ಸಹಿಸಬಹುದಿತ್ತು. ಅಸಲಿ ದೋಷ ಬೇರೆ ಇತ್ತು. ಅದಕ್ಕೆ ಮೂರೇ ಮೆಟ್ಟಿಲು.

ದೋಣಿ ಟ್ರೇಲರ್ ಮೇಲಿದ್ದರೂ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ತಿಳಿಯುವುದು ಸುಲಭ. ಹಸಿರು ಪಾಚಿ ಒಣಗಿ, ಫೈಬರಿನ ಮೇಲೆ ಒಂದು ಕಂದು ಗೆರೆ ಉಳಿದಿರುತ್ತದೆ. ಆ ಗೆರೆಯ ಮೇಲೆ ಸೀಮೆಸುಣ್ಣ ಎಳೆದೆ. ಹಿಂಗೋಡೆಯ ಅಂಚಿನಿಂದ ಗೆರೆಗೆ 22 ಇಂಚು. ರೆಡಿಮೇಡ್ ಏಣಿಯನ್ನು ಅಂಚಿಗೆ ಹಿಡಿದು ಬಿಚ್ಚಿದರೆ ಕೊನೆಯ ಮೆಟ್ಟಿಲು ಗೆರೆಯಿಂದ ಕೆಳಗೆ 11 ಇಂಚು ಮಾತ್ರ. ಅಮೆರಿಕದಲ್ಲಿ ದೋಣಿ ತಯಾರಿಕೆಯ ಮಾನದಂಡ ಹೇಳುವ ಸಂಸ್ಥೆಯೊಂದಿದೆ, ಎಬಿವೈಸಿ ಅಂತ. ದೋಣಿ ಸುಮ್ನೆ ನಿಂತಿದ್ದಾಗ ಕೊನೆಯ ಮೆಟ್ಟಿಲು ನೀರಿನ ಮಟ್ಟದಿಂದ ಕನಿಷ್ಠ 22 ಇಂಚು ಕೆಳಗಿರಬೇಕು ಎನ್ನುತ್ತದೆ ಅದು. ಯುರೋಪಿನ 2013ರ ದೋಣಿ ನಿಯಮದಲ್ಲಿ ಇನ್ನೊಂದು ಮಾತಿದೆ. ನೀರಿನಲ್ಲಿರುವವರು ಯಾರ ಸಹಾಯವೂ ಇಲ್ಲದೆ ಏಣಿಯನ್ನು ಮುಟ್ಟುವಂತೆ, ಇಳಿಸಿಕೊಳ್ಳುವಂತೆ ಇರಬೇಕು. ಇದನ್ನು ಓದಿದಾಗ ಹೆಂಡತಿಗೆ ಕೂಗಿ ಹೇಳಿದೆ. ಅವಳು ಕೇಳಿದ್ದೂ ಅದನ್ನೇ ಅಲ್ವಾ.

ಆದರೂ 22 ಇಂಚು ಅನ್ನುವುದನ್ನು ಓದುವುದು ಬೇರೆ, ಕಾಲಿಗೆ ಗೊತ್ತಾಗುವುದು ಬೇರೆ. ಹುಮನಾಬಾದ್ ರಸ್ತೆಯ ಕಡೆ ಒಬ್ಬರು ವೆಲ್ಡಿಂಗ್ ಉಸ್ತಾದರಿದ್ದಾರೆ. ದಾಲ್ ಮಿಲ್ಲುಗಳ ಸ್ಟೀಲ್ ಕೆಲಸ ಮಾಡಿ ಕೈ ಪಳಗಿದವರು. ಅವರ ಹತ್ತಿರ ಸಾದಾ ಕಬ್ಬಿಣದ ಕೊಳವೆಯಲ್ಲಿ ನಾಲ್ಕು ಮೆಟ್ಟಿಲ ಒಂದು ಏಣಿ ಮಾಡಿಸಿಕೊಂಡೆ. ಅದನ್ನು ಕಾರಿನ ಮೇಲೆ ಕಟ್ಟಿಕೊಂಡು ಊರಿಗೆ ಹೋದೆವು.

ಆಗಸ್ಟ್ ತಿಂಗಳು. ಬಾವಿಯಲ್ಲಿ ನೀರು ಎಂಟನೇ ಕಲ್ಲಿಗಿತ್ತು. ತಮ್ಮ ಪಂಪಿನ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡ. ಕರೆಂಟಿನ ವಿಷಯದಲ್ಲಿ ಅವನು ಯಾರನ್ನೂ ನಂಬುವುದಿಲ್ಲ. ಪಂಪಿನ ಪೈಪಿಗೆ ಹಾಕಿದ್ದ ಕಬ್ಬಿಣದ ಆ್ಯಂಗಲ್‌ಗೆ ಎರಡು ಹಗ್ಗ ಕಟ್ಟಿ ಏಣಿ ಇಳಿಬಿಟ್ಟೆವು. ಹಗ್ಗ ಬಿಟ್ಟರೆ ಏಣಿ ಆಳಕ್ಕೆ, ಎಳೆದರೆ ಮೇಲಕ್ಕೆ. ಕಬ್ಬಿಣದ ಮೇಲೆ ಇಂಚಿನ ಗುರುತು ಹಾಕಿದ್ದೆ.

ಮೊದಲು ಕೊನೆಯ ಮೆಟ್ಟಿಲು ನೀರಿನಿಂದ 12 ಇಂಚು ಕೆಳಗೆ. ನಾನು ಲೈಫ್ ಜಾಕೆಟ್ ಹಾಕಿ ಇಳಿದೆ. ಜಾಕೆಟ್ ಎದೆಯನ್ನು ಮೇಲೆತ್ತುತ್ತದೆ. ಹೊಟ್ಟೆಯ ಮುಂದೆ ದಪ್ಪಗೆ ನಿಲ್ಲುತ್ತದೆ. ಮೊಣಕಾಲು ಎತ್ತಿದರೆ ಜಾಕೆಟ್ಟಿಗೆ ತಾಗುತ್ತದೆ, ಪಾದ ಮೆಟ್ಟಿಲಿಗೆ ಸಿಗುವುದಿಲ್ಲ. ಕಷ್ಟಪಟ್ಟು ಸಿಕ್ಕಿಸಿದರೂ ಮೈ ಹಿಂದಕ್ಕೆ ಬೀಳುತ್ತದೆ. 18 ಇಂಚಿಗೆ ಇಳಿಸಿದೆವು. ನಾನು ಹತ್ತಿದೆ. ತಮ್ಮನ ಮಗ ಸರಸರ ಹತ್ತಿದ. ಅವನಿಗೆ 17 ವರ್ಷ, ಬರಿ ಹಗ್ಗ ಕೊಟ್ಟರೂ ಹತ್ತುತ್ತಾನೆ. ಅವನ ಲೆಕ್ಕ ಬೇಡ ಅಂದೆ.

ಆಮೇಲೆ ಹೆಂಡತಿ. ಚೂಡಿದಾರದ ಮೇಲೆ ಜಾಕೆಟ್ ಬಿಗಿದು, ಪಾವಟಿಗೆ ಹಿಡಿದು ಒಂದೊಂದೇ ಕಲ್ಲು ಇಳಿದಳು. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ತಮ್ಮನ ಕೈಯಲ್ಲಿ. ನೀರಿಗೆ ಮೈ ಬಿಟ್ಟಾಗ ಅವಳ ಕಣ್ಣು ನನ್ನ ಮೇಲೇ ಇತ್ತು. ತೇಲುತ್ತೇನೆ ಅಂತ ನಂಬಿಕೆ ಬರಲು ಒಂದೈದು ನಿಮಿಷ ಹಿಡಿಯಿತು. ಅವಳಿಗೆ ಬಲ ಮೊಣಕಾಲಿನ ನೋವು ಇದೆ. 18 ಇಂಚಿಗೆ ಆಗಲಿಲ್ಲ. 22ಕ್ಕೆ ಎಡಗಾಲು ಇಟ್ಟಳು, ಆದರೆ ಎದ್ದು ನಿಲ್ಲಲು ಕೈಗೆ ಜಾಸ್ತಿ ಭಾರ ಬಿತ್ತು. 24ಕ್ಕೆ ಬಿಟ್ಟೆವು. ಎಡಗಾಲು ಇಟ್ಟಳು. ಬಲಗಾಲನ್ನೂ ಅದೇ ಮೆಟ್ಟಿಲಿಗೆ ತಂದಳು. ನಿಂತಳು. ನೀರು ಎದೆಯಿಂದ ಸೊಂಟಕ್ಕೆ ಇಳಿಯಿತು. ಅಲ್ಲೇ ನಿಂತು ಉಸಿರು ತೆಗೆದುಕೊಂಡಳು. ಅದನ್ನು ನೋಡಿ ನನಗೆ ಒಂದು ವಿಷಯ ಹೊಳೆಯಿತು. ಎರಡು ಮೆಟ್ಟಿಲು ನೀರೊಳಗೆ ಇದ್ದರೆ ಹತ್ತುವವರಿಗೆ ನೀರೇ ಅರ್ಧ ಭಾರ ಹೊರುತ್ತದೆ. ತೋಳಿನ ಪೂರ್ತಿ ಕಸುವು ಬೇಕಾಗುವ ಹೊತ್ತಿಗೆ ಕಾಲು ಆಗಲೇ ಗಟ್ಟಿ ಜಾಗದಲ್ಲಿ ಇರುತ್ತದೆ.

ಇನ್ನೂ ಎರಡು ಸಂಗತಿ ಬಾವಿಯೇ ಹೇಳಿಕೊಟ್ಟಿತು. ಏಣಿ ಗೋಡೆಗೆ ಅಂಟಿ ನಿಂತಿದ್ದರಿಂದ ಕಾಲ್ಬೆರಳು ಕಲ್ಲಿಗೆ ತಾಗುತ್ತಿದ್ದವು. ಪಾದ ಅರ್ಧವೂ ಕೂರುತ್ತಿರಲಿಲ್ಲ. ಗೋಡೆಗೂ ಮೆಟ್ಟಿಲಿಗೂ ನಡುವೆ ಐದಾರು ಇಂಚು ಬೇಕು. ಇನ್ನೊಂದು, ಮೇಲಿನ ಮೆಟ್ಟಿಲಿಗೆ ಬಂದ ಮೇಲೆ ಹಿಡಿಯಲು ಏನೂ ಇಲ್ಲ. ಅವಳು ಅಲ್ಲಿ ನಿಂತು ಗಾಳಿಯಲ್ಲಿ ಕೈ ಆಡಿಸಿದಳು. ತಮ್ಮ ಕೈ ಕೊಟ್ಟ. ದೋಣಿಯಲ್ಲಿ ಅವನು ಇರುವುದಿಲ್ಲವಲ್ಲ.

ಅವತ್ತು ಸಂಜೆ ಕಟ್ಟೆಯ ಮೇಲೆ ಕೂತಾಗ ತಮ್ಮ 2020ರ ಅಕ್ಟೋಬರ್ ನೆನಪು ತೆಗೆದ. ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆ ಊರುಗಳಿಗೇ ನೀರು ನುಗ್ಗಿದ ಹೊತ್ತು. ಜನರನ್ನು ದೋಣಿಯಲ್ಲಿ ದಾಟಿಸುವಾಗ ಅವನು ಸೊಂಟಮಟ್ಟ ನೀರಲ್ಲಿ ನಿಂತು ಕೈ ಕೊಟ್ಟಿದ್ದ. "ಮುದುಕ್ಯಾರು ನೀರಿಗಿ ಅಂಜಲಿಲ್ಲ ವೈನಿ, ದೋಣಿ ಹತ್ತೂದಕ ಅಂಜಿದ್ರು," ಅಂದ. ರಟ್ಟೆ ಹಿಡಿದು ಎಳೆದರೆ ಭುಜ ನೋಯುತ್ತದೆ ಅಂತ ಒಬ್ಬ ಅಜ್ಜಿ ಅತ್ತಳಂತೆ. ಕೊನೆಗೆ ಅವನೇ ಬಗ್ಗಿ ನಿಂತ, ಅವನ ಬೆನ್ನಿನ ಮೇಲೆ ಕಾಲಿಟ್ಟು ಹತ್ತಿದರು. ಜನರನ್ನು ದಾಟಿಸುವ ಪ್ರತಿ ದೋಣಿಗೂ ಒಂದು ಏಣಿ ಇರಲೇಬೇಕು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಲೆಕ್ಕ ಗೊತ್ತಾದ ಮೇಲೆ ಕೆಲಸ ನಡೆಯಿತು. ಉಸ್ತಾದರು ಮೊದಲು, "ಸಾಹೇಬ್ರ, 304 ಸ್ಟೀಲ್ ಸಾಕಾಗ್ತದ್ರಿ, ಮಿಲ್ಲಿಗಿ ಅದೇ ಹಾಕ್ತೀವಿ," ಅಂದರು. ಸಿಹಿನೀರಿಗಾದರೆ ಅವರ ಮಾತು ಪೂರ್ತಿ ಸರಿ. ಉಪ್ಪುನೀರಿಗೆ 316 ಬೇಕು. ಅದರಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾಲಿಬ್ಡಿನಮ್ ಇರುತ್ತದೆ. ಉಪ್ಪು ಸ್ಟೀಲಿನಲ್ಲಿ ಸೂಜಿಮೊನೆಯಂಥ ಗುಣಿ ತೋಡುವುದನ್ನು ಅದು ತಡೆಯುತ್ತದೆ. ಇಲ್ಲಿ ಅಳತೆಗೆ ಸಿಗಲಿಲ್ಲ. ಹೈದರಾಬಾದಿನಿಂದ 25 ಮಿಲಿಮೀಟರ್ ಕೊಳವೆ ತರಿಸಿದೆ. ಬಂದ ಮಾಲು ಅಗ್ಗದ 202 ದರ್ಜೆಯದೇನಾದರೂ ಇದ್ದರೆ ಅಂತ ನಾನು ಅಯಸ್ಕಾಂತ ಹಿಡಿದು ನೋಡುತ್ತಿದ್ದೆ. ಉಸ್ತಾದರು ಅದನ್ನು ಪಕ್ಕಕ್ಕಿಟ್ಟರು. 202, 304, 316 ಯಾವುದಕ್ಕೂ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ. ಸ್ಟೀಲಿನ ದರ್ಜೆ ಪರೀಕ್ಷಿಸುವ ಔಷಧದ ಹನಿ ಹಾಕಿಯೇ ನೋಡಬೇಕು. ಅವರೇ ಹನಿ ಹಾಕಿ ತೋರಿಸಿದರು.

ಆರ್ಗಾನ್ ವೆಲ್ಡಿಂಗ್ ಮಾಡುವಾಗ ಅವರ ಪಕ್ಕ ಕೂತಿದ್ದೆ. ಬೆಸುಗೆಯ ಸುತ್ತ ನೀಲಿ, ನೇರಳೆ, ಬಂಗಾರದ ಬಣ್ಣದ ಉಂಗುರ ಮೂಡುತ್ತದೆ. ನೋಡಲು ನವಿಲುಗರಿಯ ಹಾಗೆ. ಅದನ್ನು ಹಾಗೇ ಬಿಟ್ಟರೆ ಸಮುದ್ರದಲ್ಲಿ ತುಕ್ಕು ಅಲ್ಲಿಂದಲೇ ಶುರು. ಆ್ಯಸಿಡ್ ಪೇಸ್ಟ್ ಹಚ್ಚಿ, ತೊಳೆದು, ಬಫಿಂಗ್ ಮಾಡಿದರು. ಕೊಳವೆಯ ಕೆಳತುದಿಗೆ ಸಣ್ಣ ತೂತು ಬಿಟ್ಟರು, ಉಪ್ಪುನೀರು ಒಳಗೆ ನಿಲ್ಲಬಾರದು ಅಂತ. ಮೆಟ್ಟಿಲಿಗೆ ಗುಂಡು ಕೊಳವೆ ಬೇಡ ಅಂದಿದ್ದೆ. ಮೂರು ಇಂಚು ಅಗಲದ ಪಟ್ಟಿ ಹಾಕಿ, ಮೇಲೆ ಸಾಗವಾನಿ ಹಲಗೆ ಕೂರಿಸಿ, ಹಲಗೆಗೆ ಗರಗಸದಿಂದ ಗೀರು ಹಾಕಿದೆವು. ನಾಲ್ಕು ಮೆಟ್ಟಿಲು, ನಡುವೆ 11 ಇಂಚು. ಮೇಲಿನ ಒಂದು ಮೆಟ್ಟಿಲು ಹಿಂಗೋಡೆಗೆ ಗಟ್ಟಿ. ಕೆಳಗಿನ ಮೂರು ಕೀಲಿನ ಮೇಲೆ ಮಡಚಿ ಮೇಲೆ ನಿಲ್ಲುತ್ತವೆ. ಇಲ್ಲದಿದ್ದರೆ ದೋಣಿ ಓಡುವಾಗ ನೀರಿನಲ್ಲಿ ಎಳೆದಾಡುತ್ತದೆ.

ಜಾಗದ ಬಗ್ಗೆ ಜಾಸ್ತಿ ಯೋಚಿಸಬೇಕಾಗಲಿಲ್ಲ. ನಡುವೆ ಚುಕ್ಕಾಣಿ, ಬಲಕ್ಕೆ ಸಣ್ಣ ಇಂಜಿನ್. ಇಂಜಿನ್ನಿನ ಪಂಖದ ಹತ್ತಿರ ಮನುಷ್ಯರ ಕಾಲು ಬರಬಾರದು. ಉಳಿದದ್ದು ಎಡಭಾಗ. ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ, ಏಣಿಗೆ ತಾಗುವುದಿಲ್ಲ ಅಂತ ನೋಡಿ ಗುರುತು ಹಾಕಿದೆ.

ತೂತು ಕೊರೆಯುವುದೇ ನಿಜವಾದ ಕೆಲಸ. ಹಿಂಗೋಡೆ ಬರಿ ಫೈಬರ್ ಅಲ್ಲ. ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇರುತ್ತದೆ. ಮಾಸ್ಕಿಂಗ್ ಟೇಪ್ ಅಂಟಿಸಿ, ಮೇಲಿನ ಹೊಳಪು ಪದರ ಸಿಡಿಯದಿರಲೆಂದು ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ ಶುರು ಮಾಡಿದೆ. ಮೊದಲು ಬಿಳಿ ಪುಡಿ ಬಂತು. ಆಮೇಲೆ ಒಣ ಮರದ ಹಳದಿ ಪುಡಿ ಬರಬೇಕು. ಮೂರು ತೂತಿನಲ್ಲಿ ಹಾಗೇ ಬಂತು. ನಾಲ್ಕನೆಯದರಲ್ಲಿ ಬಂದದ್ದು ಕಪ್ಪು ಹಸಿ ಹಿಟ್ಟು. ಬೆರಳಿಗೆ ಒತ್ತಿದರೆ ನೀರು ಜಿನುಗಿತು. ಕೊಳೆತ ಎಲೆಯ ವಾಸನೆ. ಹಿಂದೆ ಯಾರೋ ಅಲ್ಲಿ ಏನೋ ಕೂರಿಸಲು ಒಂದು ಸ್ಕ್ರೂ ಹಾಕಿ, ತೆಗೆದು, ತೂತಿಗೆ ಬಾತ್‌ರೂಮಿನ ಸಿಲಿಕೋನ್ ಮೆತ್ತಿ ಬಿಟ್ಟಿದ್ದರು. ವರ್ಷಗಟ್ಟಲೆ ನೀರು ಒಳಗೆ ಇಳಿದಿತ್ತು.

ಅಲ್ಲಿ ಬೋಲ್ಟ್ ಹಾಕಿ ಮುಚ್ಚಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಏಣಿಯ ಮೇಲೆ ಒಬ್ಬರು ನಿಂತಾಗ ಏಣಿಯ ಕೆಳಗಿನ ಕಾಲು ಗೋಡೆಯನ್ನು ಒತ್ತುತ್ತದೆ, ಮೇಲಿನ ಬೋಲ್ಟುಗಳನ್ನು ಕಿತ್ತುಕೊಳ್ಳುವ ಹಾಗೆ ಎಳೆಯುತ್ತದೆ. ಕೊಳೆತ ಮರ ಆ ಎಳೆತ ತಡೆಯುವುದಿಲ್ಲ. ಒಳಗಿನ ಫೈಬರ್ ಕೊರೆದು ಅಂಗೈ ಅಗಲದ ಕಪ್ಪು ಮರ ಕೆರೆದು ತೆಗೆದೆ. ಹತ್ತು ದಿನ ಬಲ್ಬು ಉರಿಸಿ ಒಣಗಿಸಿದೆ. ಮಳೆಗಾಲದ ಗಾಳಿಯಲ್ಲಿ ಅದೂ ನಿಧಾನ. ಹೊಸ ಪ್ಲೈವುಡ್ ತುಂಡು ಕೂರಿಸಿ ಎಪಾಕ್ಸಿಯಲ್ಲಿ ಅಂಟಿಸಿ, ಮೇಲೆ ಫೈಬರ್ ಬಟ್ಟೆ ಹಾಸಿದೆ. ಎಪಾಕ್ಸಿಯನ್ನು ಒಂದೇ ಸಲ ಜಾಸ್ತಿ ಕಲಸಬಾರದು. ಕಪ್ಪಿನಲ್ಲೇ ಕಾದು ಹೊಗೆ ಬರುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬಳಸಬೇಕು.

ಉಳಿದ ತೂತುಗಳಿಗೂ ಒಂದು ಉಪಾಯ. ಬೋಲ್ಟಿಗಿಂತ ದೊಡ್ಡ ತೂತು ಕೊರೆದು, ಒಳಗಿನ ಮರವನ್ನು ಬಗ್ಗಿಸಿದ ಮೊಳೆಯಿಂದ ಸುತ್ತ ಕೆರೆದು, ದಪ್ಪ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯುವುದು. ಆಗ ನೀರು ಬಂದರೂ ಮರವನ್ನು ಮುಟ್ಟುವುದಿಲ್ಲ. 8 ಮಿಲಿಮೀಟರ್ ಬೋಲ್ಟ್‌ಗಳು, ಒಳಗಡೆ ದಪ್ಪ ಫೈಬರ್ ಹಲಗೆ, ದೊಡ್ಡ ವಾಷರ್, ನೈಲಾನ್ ಉಂಗುರದ ನಟ್. ಹಲಗೆಗೆ ಅಲ್ಯೂಮಿನಿಯಂ ಬೇಡ. ಸ್ಟೀಲಿನ ಜೊತೆ ಉಪ್ಪುನೀರಲ್ಲಿ ಅದು ಕರಗುತ್ತಾ ಹೋಗುತ್ತದೆ. ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ, ನೀರು ತಡೆಯುವ ಮೆತ್ತನೆ ಅಂಟಿನ ಬ್ಯೂಟೈಲ್ ಟೇಪ್ ಸುತ್ತಿದೆ. ಒಂದೇ ದಿನ ಬಿಗಿ ಮಾಡಲಿಲ್ಲ. ಮೂರು ದಿನ, ದಿನಕ್ಕೆ ಸ್ವಲ್ಪ. ಪ್ರತಿ ಸಲ ಅಂಚಿನಿಂದ ಕರಿ ಅಂಟು ಎಳೆಯಾಗಿ ಹೊರಗೆ ಬರುತ್ತಿತ್ತು.

ಮೇಲೆ ಹಿಡಿದುಕೊಳ್ಳಲು ಎರಡು ಬಾಗಿದ ಹಿಡಿ ಹಾಕಿದೆ. ಉಳಿದದ್ದು ಅವಳ ಮೂಲ ಪ್ರಶ್ನೆ. ಮಡಚಿದ ಏಣಿಯನ್ನು ನೀರಿನಿಂದ ಇಳಿಸುವುದು ಹೇಗೆ? ಉಸ್ತಾದರು ಪಿನ್ನು ಇಟ್ಟಿದ್ದರು. ಪಿನ್ನಿಗೆ ನೀರಿನಿಂದ ಕೈ ಎಟುಕುವುದಿಲ್ಲ. ಅದನ್ನು ತೆಗೆದು ರಬ್ಬರ್ ಹಗ್ಗದ ಕುಣಿಕೆ ಹಾಕಿದೆ. ಏಣಿಯ ತುದಿಯಿಂದ ಒಂದು ಕೆಂಪು ಹಗ್ಗ ನೀರಿನ ಮಟ್ಟಕ್ಕೆ ಒಂದು ಗೇಣು ಮೇಲಿನವರೆಗೆ ಇಳಿಯುತ್ತದೆ. ತುದಿಗೆ ಮರದ ಗುಂಡು. ಒದ್ದೆ ಕೈಯಲ್ಲಿ, ಕಣ್ಣಿಗೆ ಉಪ್ಪುನೀರು ಹೋಗಿದ್ದರೂ ಸಿಗುವಷ್ಟು ದಪ್ಪ. ಗುಂಡು ಎಷ್ಟು ದಪ್ಪ ಇರಬೇಕು ಅಂತ ಹೇಳಿದ್ದು ಅವಳು.

ಅಕ್ಟೋಬರಿನಲ್ಲಿ ದೋಣಿ ವಾಪಸ್ ಗೋವಾಕ್ಕೆ ಹೋಯಿತು. ಅದೇ ಜಾಗದಲ್ಲಿ ಲಂಗರು ಹಾಕಿದೆವು. ಇಂಜಿನ್ ಬಂದ್ ಮಾಡಿದೆ. ಈ ಸಲ ಗೆಳೆಯನೂ ಇದ್ದ. ಸೊಂಟಕ್ಕೆ ಹಗ್ಗ ಕಟ್ಟುತ್ತೇನೆ ಅಂದೆ. "ಕಟ್ರಿ, ಆದ್ರ ಎಳೀಬ್ಯಾಡ್ರಿ," ಅಂದಳು. ಜಾಕೆಟ್ಟಿನ ಬೆಲ್ಟು ಎರಡೆರಡು ಸಲ ನೋಡಿಕೊಂಡು, ಅಂಚಿನ ಮೇಲೆ ಕೂತು, ಮೂಗು ಹಿಡಿದು ಜಾರಿದಳು.

ಮೇಲೆ ಬಂದಾಗ ಮುಖದ ಮೇಲೆಲ್ಲ ಕೂದಲು. ಒಂದು ಕೈಯಲ್ಲಿ ಕೂದಲು ಸರಿಸಿ, ಇನ್ನೊಂದು ಕೈಯಲ್ಲಿ ಗುಂಡನ್ನು ಹುಡುಕಿದಳು. ಸಿಕ್ಕಿತು. ಎಳೆದಳು. ಏಣಿ ಮಗುಚಿ ನೀರಿಗೆ ಬಿತ್ತು. ನಾನು ಮೇಲೆ ಕೂತು ಎರಡೂ ಕೈ ಮಂಡಿಯ ಕೆಳಗೆ ಇಟ್ಟುಕೊಂಡಿದ್ದೆ. ಎಡಗಾಲು ನೀರೊಳಗೆ ಮೆಟ್ಟಿಲು ತಡಕುವುದು ಮಸುಕಾಗಿ ಕಾಣುತ್ತಿತ್ತು. ಒಂದು ಸಲ ತಪ್ಪಿತು. ಆಮೇಲೆ ಕೂತಿತು. ಬಲಗಾಲನ್ನೂ ಪಕ್ಕಕ್ಕೆ ತಂದಳು. ಬಾವಿಯಲ್ಲಿ ನಿಂತ ಹಾಗೇ ನಿಂತು ಉಸಿರು ತೆಗೆದುಕೊಂಡಳು. ಎರಡು, ಮೂರು, ನಾಲ್ಕು. ಹಿಡಿ ಹಿಡಿದು ಒಳಗೆ ಬಂದಳು.

ಚೂಡಿದಾರದ ತುದಿ ಹಿಂಡಿದಳು. ಗೆಳೆಯ ಟವೆಲ್ ಕೊಡಲು ಹೋದ. ಅವಳು ತೆಗೆದುಕೊಳ್ಳಲಿಲ್ಲ. ಏಣಿಯನ್ನು ಮಡಚಿ ಮೇಲೆ ನಿಲ್ಲಿಸಿ, ರಬ್ಬರ್ ಕುಣಿಕೆ ಹಾಕಿ, ಸೊಂಟದ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ಇನ್ನೊಂದ್ ಸಲ," ಅಂದು ಮತ್ತೆ ಅಂಚಿನ ಮೇಲೆ ಕೂತಳು.